ಹಂದಿಗೆ ಅಂತ ಬೇಲಿಯಲ್ಲಿಟ್ಟ ಉರುಳು: ಇದೂ ಬೇಟೆಯೇ?

ಗದ್ದೆಮನೆ ಸೊಸೆ:
ನಮ್ಮದು ಹೊಸನಗರ ತಾಲ್ಲೂಕು. ಎರಡು ಎಕರೆ ಗದ್ದೆ, ಪಕ್ಕದಲ್ಲಿ ಅಡಿಕೆ ತೋಟ, ಅದರಾಚೆ ಕಾಡು. ಮೊನ್ನೆ ರಾತ್ರಿ ನಮ್ಮ ನಾಯಿ ಕರಿಯ ಮನೆಗೆ ಬರಲಿಲ್ಲ. ಬೆಳಿಗ್ಗೆ ಹುಡುಕಿದರೆ ಬೇಲಿಯ ಕಂಡಿಯಲ್ಲಿ ಸಿಕ್ಕಿಕೊಂಡಿದ್ದ. ಬೈಕಿನ ಕ್ಲಚ್ ವೈರಿಗೆ ಕುಣಿಕೆ ಹಾಕಿ ಗೂಟಕ್ಕೆ ಬಿಗಿದಿದ್ದರು. ಅದು ಸೊಂಟಕ್ಕೆ ಬಿದ್ದಿತ್ತು. ಸುತ್ತಲಿನ ಮಣ್ಣನ್ನೆಲ್ಲ ಕೆರೆದು ಹಾಕಿದ್ದ, ಉಗುರಿನಲ್ಲಿ ರಕ್ತ. ನನ್ನನ್ನು ನೋಡಿ ಬಾಲ ಅಲ್ಲಾಡಿಸಿದ. ಅದನ್ನು ಮರೆಯೋಕೇ ಆಗುತ್ತಿಲ್ಲ.

ಉರುಳು ಇಡಿಸಿದ್ದು ನಮ್ಮ ಮಾವನೇ ಅಂತ ಆಮೇಲೆ ಗೊತ್ತಾಯಿತು. ಅವರ ಸಂಕಟವೂ ಸುಳ್ಳಲ್ಲ. ಹೋದ ವರ್ಷ ಭತ್ತ ಹಾಲುಗಟ್ಟಿದ್ದಾಗ ಹಂದಿ ಹಿಂಡು ನುಗ್ಗಿ ಒಂದೇ ರಾತ್ರಿಗೆ ಅರ್ಧ ಗದ್ದೆ ಮಲಗಿಸಿತ್ತು. "ಹಂದಿಗೆ ತಾನೇ ಇಟ್ಟಿದ್ದು, ಹುಲಿಗಲ್ಲವಲ್ಲ" ಅನ್ನುತ್ತಾರೆ. ಹಂದಿಗೆ ಇಟ್ಟರೂ ಕೇಸಾಗುತ್ತದಾ? ಅವರಿಗೆ ಏನಂತ ಹೇಳಲಿ?

ನಿವೃತ್ತ ಗಾರ್ಡ್:
ತಂಗಿ, ಮೊದಲು ಕರಿಯನನ್ನು ಪಶು ವೈದ್ಯರಿಗೆ ತೋರಿಸು. ಸೊಂಟಕ್ಕೆ ಉರುಳು ಬಿದ್ದರೆ ಗಾಯ ಹೊರಗೆ ಕಾಣದೆ ಒಳಗೆ ಆಗಿರಬಹುದು.

ಇನ್ನು ಕಾನೂನು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯುವುದು ಮಾತ್ರ ಅಲ್ಲ. ಉರುಳು ಇಡುವುದು, ಬಲೆ ಹಾಕುವುದು, ವಿಷ ಇಡುವುದು ಎಲ್ಲವೂ ಬೇಟೆಯೇ. ಪ್ರಾಣಿ ಬೀಳದಿದ್ದರೂ ಪ್ರಯತ್ನವೇ ಅಪರಾಧ. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ, ಅಂದರೆ ಕಾಯ್ದೆಯ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿ. 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾಂಸ ಹಂಚಿಕೊಂಡವರಿಗೂ ತಪ್ಪಿದ್ದಲ್ಲ. ಸತ್ತ ಕಾಡುಪ್ರಾಣಿ ಸರ್ಕಾರದ ಸ್ವತ್ತು.

ಆದರೆ ನಿಮ್ಮ ಮಾವನಿಗೆ ಹೇಳಬೇಕಾದ್ದು ಬೇರೆ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಅಂತ ಗೊತ್ತಾಗುವುದಿಲ್ಲ. ನಾನು ಅರಣ್ಯ ಇಲಾಖೆಯ ಕೆಲಸದಲ್ಲಿದ್ದಾಗ ಕಾಫಿ ತೋಟದ ಬೇಲಿಯಲ್ಲಿ ಹೀಗೇ ಸಿಕ್ಕಿಬಿದ್ದ ಹೆಣ್ಣು ಚಿರತೆ ನೋಡಿದ್ದೇನೆ. ರಾತ್ರಿಯಿಡೀ ಎಳೆದು ತಂತಿ ಚರ್ಮದೊಳಗೆ ಹೂತುಹೋಗಿತ್ತು. ತಂತಿ ಕಚ್ಚಿ ಕಚ್ಚಿ ಕೋರೆಹಲ್ಲು ಮುರಿದಿತ್ತು. ಅರಿವಳಿಕೆ ಕೊಟ್ಟು ಬಿಡಿಸಿದೆವು. ಸಂಜೆಗೆ ಸತ್ತುಹೋಯಿತು. ಮೊಲೆಯಲ್ಲಿ ಹಾಲಿತ್ತು. ಮರಿಗಳಿಗಾಗಿ ಮೂರು ದಿನ ಹುಡುಕಿದೆವು, ಸಿಗಲಿಲ್ಲ.

ಚಿರತೆ ಮೊದಲನೇ ಅನುಸೂಚಿ. ಅದಕ್ಕೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ದಂಡ. ಹಂದಿಗೆ ಇಟ್ಟಿದ್ದೆ ಅಂದರೆ ಯಾರೂ ಕೇಳುವುದಿಲ್ಲ.

ಕೊಡಗಿನ ತೋಟದವ:
ಗಾರ್ಡ್ ಅಣ್ಣ ಹೇಳಿದ್ದು ಸರಿ. ನಮ್ಮಲ್ಲಿ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ. ಹಾಗಂತ ಬೇಟೆ ಆಡಬಹುದು ಅಂತ ತುಂಬಾ ಜನ ತಪ್ಪು ತಿಳಿದಿದ್ದಾರೆ. ಕೋವಿ ಬೇರೆ, ಬೇಟೆ ಬೇರೆ. ಹಂದಿ ಕಾಟ ಮಿತಿಮೀರಿದರೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಲಿಖಿತ ಅನುಮತಿಗೆ ದಾರಿ ಇದೆ. ಕೊಡುವುದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು. ನಾವೇ ತೀರ್ಮಾನ ಮಾಡಿಕೊಳ್ಳುವ ಹಾಗಿಲ್ಲ.

ಇನ್ನೊಂದು ಮಾತು. ಉರುಳು ತೆಗೆಸಿದ ಮೇಲೆ ಬೇಲಿಗೆ ಮನೆ ಲೈನಿನ ಕರೆಂಟ್ ಕೊಡುವುದು ಮಾತ್ರ ಬೇಡವೇ ಬೇಡ. ಮನುಷ್ಯರೇ ಸಾಯುತ್ತಾರೆ. ಸೋಲಾರ್ ಬೇಲಿ ಬಿಟ್ಟು ಬಿಟ್ಟು ಶಾಕ್ ಕೊಡುತ್ತದೆ, ಪ್ರಾಣಿ ಹೆದರಿ ಓಡುತ್ತದೆ. ನಮ್ಮಲ್ಲಿ ಹಂದಿಗೆ ಅಂತಲೇ ಕೆಳಗಿನ ತಂತಿಯನ್ನು ನೆಲದಿಂದ ಒಂದು ಗೇಣಿನ ಮೇಲೆ ಕಟ್ಟಿದ್ದೇವೆ. ಹುಲ್ಲು ತಾಗದ ಹಾಗೆ ಆಗಾಗ ಸವರುತ್ತಿರಬೇಕು. ಬೆಳೆ ಹಾಳಾದಾಗ ಫೋಟೋ ತೆಗೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಪೂರ್ತಿ ನಷ್ಟ ತುಂಬುವುದಿಲ್ಲ, ನಿಜ. ಆದರೂ ಕೊಡಿ.

ಗದ್ದೆಮನೆ ಸೊಸೆ:
ತುಂಬಾ ಥ್ಯಾಂಕ್ಸ್ ಅಣ್ಣಂದಿರೇ. ಚಿರತೆಯ ವಿಷಯವನ್ನು ಮಾವನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಊಟ ಬಿಟ್ಟು ಎದ್ದು ಟಾರ್ಚು, ಕಟಿಂಗ್ ಪ್ಲೇಯರ್ ಹಿಡಿದು ಹೊರಟರು. ನಾನೂ ಹಿಂದೆ ಹೋದೆ. ಇನ್ನೂ ನಾಲ್ಕು ಉರುಳು ಸಿಕ್ಕಿದವು. ಐದನೆಯದನ್ನು ಎಲ್ಲಿ ಇಟ್ಟಿದ್ದು ಅಂತ ಅವರಿಗೆ ನೆನಪಾಗುತ್ತಿಲ್ಲ. ಬೆಳಕು ಹರಿದ ತಕ್ಷಣ ಮತ್ತೆ ಹುಡುಕುತ್ತೇವೆ.