9 ಚದರದ ಹಳೇ ಮನೆ ರಿಪೇರಿ: ಒಬ್ಬರು 6 ಲಕ್ಷ ಅಂತಾರೆ, ಇನ್ನೊಬ್ಬರು 14. ಯಾವುದನ್ನ ನಂಬೋದು?

ಹೊಸಮನೆ_ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ವಿನೋಬನಗರದಲ್ಲಿ ಒಂದು ಮನೆ ನೋಡಿದ್ದೇವೆ, ನಮಗೆ ಇದೇ ಮೊದಲ ಮನೆ. 30×40 ಸೈಟು, 9 ಚದರ (900 ಚದರಡಿ), 1992ರಲ್ಲಿ ಕಟ್ಟಿದ್ದು. ಮಾಲೀಕರು 70 ಲಕ್ಷ ಹೇಳುತ್ತಿದ್ದಾರೆ. ನಮ್ಮ ಕೈಲಿರೋದು 26 ಲಕ್ಷ, ಉಳಿದದ್ದು ಸಾಲ. ರಿಪೇರಿಗೆ ಎಷ್ಟಾಗುತ್ತೆ ಅಂತ ಇಬ್ಬರು ಮೇಸ್ತ್ರಿಗಳನ್ನ ಕರೆಸಿದರೆ ಒಬ್ಬರು 6 ಲಕ್ಷ ಅಂದರು, ಇನ್ನೊಬ್ಬರು 14! ಹಾಲಿಗೆ ಹೊಸ ಪೇಂಟ್ ಹೊಡೆದಿದ್ದಾರೆ, ಬಾತ್‌ರೂಮಿನ ಹಿಂದಿನ ಗೋಡೆ ಮಾತ್ರ ಉಬ್ಬಿ ಉಪ್ಪು ಬಿಟ್ಟಿದೆ. ಅಡ್ವಾನ್ಸ್ ಕೊಡೋ ಮೊದಲು ನಂಬೋ ಹಾಗಿರೋ ಲೆಕ್ಕ ಬೇಕು. ಎಲ್ಲಿಂದ ಶುರು ಮಾಡಲಿ?

ಸೈಟ್_ಇಂಜಿನಿಯರ್:
ಇಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ. 6 ಅಂದವರು ಪೇಂಟು, ಟೈಲ್ಸು, ಅಡುಗೆಮನೆ ಅಷ್ಟೇ ನೋಡಿರಬೇಕು. 14 ಅಂದವರು ಪೈಪು, ವೈರಿಂಗು, ತಾರಸಿ ಎಲ್ಲ ಸೇರಿಸಿರಬೇಕು. ಒಟ್ಟು ಎಷ್ಟಾಗುತ್ತೆ ಅಂತ ಕೇಳಿದರೆ ಹೀಗೇ ಆಗೋದು. ಕೆಲಸದ ಪಟ್ಟಿ ನೀವೇ ಬರೆದು, ಅಳತೆ ಹಾಕಿ, ಇಬ್ಬರಿಗೂ ಅದೇ ಪಟ್ಟಿ ಕೊಟ್ಟು ಒಂದೊಂದಕ್ಕೂ ರೇಟ್ ಬರೆಸಿಕೊಳ್ಳಿ.

ಮೊದಲು ಸೀಲಿಂಗ್. ಉದ್ದದ ಕೋಲು ತಗೊಂಡು ಮೂಲೆಯಿಂದ ಮೂಲೆಗೆ ತಟ್ಟುತ್ತಾ ಹೋಗಿ. ಗಟ್ಟಿ ಇರೋ ಕಡೆ ಸದ್ದು ಠಣ್ ಅನ್ನುತ್ತೆ, ಗಾರೆ ಬಿಟ್ಟಿರೋ ಕಡೆ ಡಬ್ ಡಬ್ ಅಂತ ಟೊಳ್ಳು ಸದ್ದು. ಅಲ್ಲೇ ಕಂದು ಕಲೆ, ಉದ್ದಕ್ಕೆ ಬಿರುಕು ಕಂಡರೆ ಒಳಗಿನ ಕಂಬಿಗೆ ತುಕ್ಕು ಹಿಡಿದಿರೋ ಸಾಧ್ಯತೆ ಜಾಸ್ತಿ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತೆ, ಅದರ ಮೇಲೆ ಪುಟ್ಟಿ ಬಳಿದು ಪ್ರಯೋಜನ ಇಲ್ಲ. ಇದು ಕಂಡರೆ ಮಾತ್ರ ಮೇಸ್ತ್ರಿ ಮಾತು ಸಾಲದು, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೀಸ್ ಕೊಟ್ಟು ತೋರಿಸಿ. ಹೊಸ ಪೇಂಟ್ ಇರೋ ಹಾಲನ್ನಂತೂ ಬಿಡಲೇಬೇಡಿ.

ಬಾತ್‌ರೂಮ್ ಗೋಡೆಗೆ: ಮೇಲಿನ ಟ್ಯಾಂಕ್ ತುಂಬಿಸಿ, ಮೋಟರ್ ಆಫ್ ಮಾಡಿ, ಎಲ್ಲ ನಲ್ಲಿ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ. ಇಳಿಯದಿದ್ದರೆ ನೆಲದ ಜಾಯಿಂಟು, ಡ್ರೈನ್ ಕಡೆ ನೋಡಿ.

ಹೊಸಮನೆ_ಶಿವಮೊಗ್ಗ:
ಮಾಲೀಕರು ಒಪ್ಪಿದರು, ಮಾಡಿ ನೋಡಿದೆವು ಸರ್. ಸೀಲಿಂಗ್ ಎಲ್ಲ ಗಟ್ಟಿ ಇದೆ, ಆದರೆ ಟ್ಯಾಂಕ್ ನೀರು ಸುಮಾರು ಒಂದು ಗೇಣು ಇಳಿದಿದೆ. ಪೈಪ್ ಎಲ್ಲ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ). ಪ್ಲಗ್ ಪಾಯಿಂಟುಗಳಲ್ಲಿ ಅರ್ಥಿಂಗ್ ವೈರೇ ಇಲ್ಲ ಅಂತ ಎಲೆಕ್ಟ್ರಿಷಿಯನ್ ಹೇಳಿದರು.

ಸೈಟ್_ಇಂಜಿನಿಯರ್:
ಹಾಗಾದರೆ ಪೈಪು, ವೈರಿಂಗ್ ಎರಡೂ ಪಟ್ಟಿಯ ಮೇಲ್ಭಾಗಕ್ಕೆ. ಜಿಐ ಒಂದು ಕಡೆ ತೂತಾಗಿದ್ದರೆ ಉಳಿದ ಕಡೆಯೂ ಸವೆದಿರುತ್ತೆ, ಪೂರ್ತಿ ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಲೆಕ್ಕ ಹಾಕಿ. ವೈರಿಂಗನ್ನ ಪಾಯಿಂಟ್ ಎಣಿಸಿ ಕೇಳಿ. ಪೇಂಟಿಗೆ ಒಳಗೋಡೆ, ಸೀಲಿಂಗ್ ಸೇರಿ ನೆಲದ ಮೂರರಿಂದ ಮೂರೂವರೆ ಪಟ್ಟು ಹಿಡಿಯಿರಿ, ನಿಮ್ಮ ಮನೆಗೆ 2700ರಿಂದ 3150 ಚದರಡಿ. ಟೈಲ್ಸ್ ಕಟಿಂಗ್‌ಗೆ 10% ಜಾಸ್ತಿ. ಗೋಡೆ ಕೊರೆದ ಮೇಲೆ ಗಾರೆ ಮುಚ್ಚೋದು, ಒಡೆದ ಕಸ ಟ್ರ್ಯಾಕ್ಟರಿನಲ್ಲಿ ಸಾಗಿಸೋದು ಕೊಟೇಶನ್ನಿನಲ್ಲಿ ಇದೆಯಾ ಅಂತ ಕೇಳಲೇಬೇಕು, ಇವು ಬಿಟ್ಟುಹೋಗೋದೇ ಜಾಸ್ತಿ. ಬಂದ ಮೊತ್ತಕ್ಕೆ, ಅನಿರೀಕ್ಷಿತ ಖರ್ಚಿಗೆ ಅಂತ ಇನ್ನೊಂದು 15-20% ಸೇರಿಸಿ.

ಲೋನ್_ಲೆಕ್ಕ:
ದುಡ್ಡಿನ ಕಡೆಯೂ ನೋಡಿ. 30ರಿಂದ 75 ಲಕ್ಷದ ಸಾಲಕ್ಕೆ ಆರ್‌ಬಿಐ ಮಿತಿ ಮನೆ ಬೆಲೆಯ 80%, ಅಂದರೆ ನಿಮಗೆ ಜಾಸ್ತಿ ಅಂದರೆ 56 ಲಕ್ಷ. ಬ್ಯಾಂಕಿನ ವ್ಯಾಲ್ಯುಯೇಷನ್ ಕಡಿಮೆ ಬಂದರೆ ಅದೂ ಇಳಿಯುತ್ತೆ. ಕೈಯಿಂದ 14 ಲಕ್ಷ ಹಾಕಬೇಕು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2% ಆಗಿದೆ, ನಗರದಲ್ಲಿ ಸ್ಟಾಂಪ್ ಡ್ಯೂಟಿ, ಸೆಸ್ ಸೇರಿ 5.6%. ಎರಡೂ ಸೇರಿ 5.32 ಲಕ್ಷ, ಇದಕ್ಕೆ ಗೃಹಸಾಲ ಸಿಗಲ್ಲ. ರಿಪೇರಿಗೆ ಉಳಿಯೋದು 6.68 ಲಕ್ಷ ಅಷ್ಟೇ! ಅದರಲ್ಲೇ ಲಾಯರ್ ಫೀಸು, ಬ್ಯಾಂಕ್ ಖರ್ಚು, ಮನೆ ಸಾಗಿಸೋದು, ರಿಪೇರಿ ಮುಗಿಯೋವರೆಗಿನ ಬಾಡಿಗೆ.

ಹೊಸಮನೆ_ಶಿವಮೊಗ್ಗ:
ನೋಂದಣಿ ಖರ್ಚು ಸಾಲದಲ್ಲೇ ಬರುತ್ತೆ ಅಂತ ಬ್ರೋಕರ್ ಹೇಳಿದ್ದರು, ಹಾಗಾಗಿ ಈ ಲೆಕ್ಕ ನೋಡಿ ನಿಜಕ್ಕೂ ಗಾಬರಿಯಾಯ್ತು. ಮನೆ ಬಿಡಲೂ ಮನಸ್ಸಿಲ್ಲ.

ಸೈಟ್_ಇಂಜಿನಿಯರ್:
ಬಿಡಬೇಕಾಗಿಲ್ಲ. ಮನೆ ಗಟ್ಟಿ ಇದೆ, ಅದು ದೊಡ್ಡದು. ಪೈಪು, ವೈರಿಂಗಿನ ಲಿಖಿತ ಕೊಟೇಶನ್ ಹಿಡಿದುಕೊಂಡು ಮಾಲೀಕರ ಹತ್ತಿರ ಕೂತು ಮಾತಾಡಿ, ಅಷ್ಟು ಬೆಲೆ ಇಳಿಸೋಕೆ ಕೇಳಿ. ಅಗ್ರಿಮೆಂಟ್ ಆಗೋ ಮೊದಲೇ. ಈ ಎರಡು ಕೆಲಸ ಮುಗಿಸಿ ಒಳಗೆ ಹೋಗಿ. ಮಾಡ್ಯುಲರ್ ಕಿಚನ್, ಹೊಸ ಟೈಲ್ಸ್ ಮುಂದಿನ ವರ್ಷ ಮಾಡಿದರೂ ನಡೆಯುತ್ತೆ.