ಅಂಗಡಿ ಗಾಜಿನ ರೆಂಡರ್: ಕಪ್ಪು ಕಲೆ, ಅಲೆ, ಬಿಳಿ ಚುಕ್ಕೆ

ಪ್ರಶ್ನೆ: ಮೇಡಂ, ನಮಸ್ಕಾರ. ದಾವಣಗೆರೆಯಲ್ಲಿ ಇಂಟೀರಿಯರ್ ಕೆಲಸ ಮಾಡುತ್ತೇನೆ. ಪಿ.ಬಿ. ರಸ್ತೆಯ ಒಂದು ಸೀರೆ ಅಂಗಡಿಯ ಮುಂಭಾಗವನ್ನು ಸ್ಕೆಚ್‌ಅಪ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿ, ಬ್ಲೆಂಡರ್ ಅನ್ನುವ ಇನ್ನೊಂದಕ್ಕೆ ತಂದು, ಅದರ ಸೈಕಲ್ಸ್ ಎಂಜಿನ್‌ನಲ್ಲಿ ರೆಂಡರ್ (ಫೋಟೊದಂಥ ಚಿತ್ರ) ಹಾಕಿದ್ದೇನೆ. ಮುಂದಿನ ದೊಡ್ಡ ಗಾಜೇ ತಲೆನೋವು. ಒಂದು ಮೂಲೆಯಲ್ಲಿ ಗರಗಸದ ಹಲ್ಲಿನಂಥ ಕಪ್ಪು ಕಲೆ. ಪ್ರತಿಬಿಂಬವೆಲ್ಲ ಅಲೆ ಅಲೆ. ಸ್ಪಾಟ್‌ಲೈಟ್ ಸುತ್ತ ಬಿಳಿ ಚುಕ್ಕೆ. ಸ್ಯಾಂಪಲ್ (ಒಂದೊಂದು ಪಿಕ್ಸೆಲ್‌ಗೆ ಎಷ್ಟು ಸಲ ಬೆಳಕಿನ ಲೆಕ್ಕ ಅನ್ನುವುದು) 512ರಿಂದ 4096ಕ್ಕೆ ಏರಿಸಿ ರಾತ್ರಿಯಿಡೀ ಬಿಟ್ಟೆ, ಕಲೆ ಹಾಗೇ ಇದೆ. ಅಂಗಡಿ ಮಾಲೀಕರು ಬೇರೆ "ಒಳಗಿನ ಸೀರೆನೇ ಕಾಣ್ತಿಲ್ಲವಲ್ಲಪ್ಪ" ಅನ್ನುತ್ತಾರೆ.

ಉತ್ತರ: ಮೊದಲು ಸ್ಯಾಂಪಲ್ ಅನ್ನು 512ಕ್ಕೇ ಇಳಿಸಿ, ಸುಮ್ನೆ ಕರೆಂಟ್ ಖರ್ಚು. ಸ್ಯಾಂಪಲ್ ಏರಿಸಿದರೆ ಹೋಗುವುದು ಕಾಳುಕಾಳಾದ ನಾಯ್ಸ್ ಮಾತ್ರ. ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಕಲೆ ನಿಂತಿದೆ ಅಂದರೆ ತಪ್ಪು ಮಾಡೆಲ್‌ನಲ್ಲಿದೆ.

ಹರಕು ಅಂಚಿನ ಕಪ್ಪು ಕಲೆ ಬಹುತೇಕ ಎರಡು ಫೇಸ್ (ಮಾಡೆಲ್‌ನ ಮೈಯ ತುಂಡು) ಒಂದೇ ಜಾಗದಲ್ಲಿ ಕೂತಾಗ ಬರುತ್ತದೆ. ಸ್ಕೆಚ್‌ಅಪ್‌ನಿಂದ ತಂದ ಮಾಡೆಲ್‌ಗಳಲ್ಲಿ ಇದು ಮಾಮೂಲು. ಗಾಜಿನ ಒಂದು ಫೇಸ್ ಅಳಿಸಿ ನೋಡಿ, ಕೆಳಗೆ ಇನ್ನೊಂದು ಕಂಡರೆ ಕಳ್ಳ ಸಿಕ್ಕ ಹಾಗೆ. ಗಾಜಿನ ಅಂಚು ಫ್ರೇಮಿನ ಮೈಗೆ ಸರಿಯಾಗಿ ತಾಗಿ ನಿಂತರೂ ಇದೇ ಕಥೆ. ಫ್ಯಾಬ್ರಿಕೇಶನ್‌ನವರು ಅಲ್ಯೂಮಿನಿಯಂ ಸೆಕ್ಷನ್‌ನ ತೋಡಿನೊಳಗೆ ಗಾಜು ಇಳಿಸಿ, ರಬ್ಬರ್ ಬೀಡಿಂಗ್ ಒತ್ತುತ್ತಾರಲ್ವಾ? ನೀವೂ ಗಾಜನ್ನು ಫ್ರೇಮಿನೊಳಗೆ 10 ಮಿ.ಮೀ. ತಳ್ಳಿ.

ಆಮೇಲೆ ಗಾಜಿಗೆ ದಪ್ಪ ಇದೆಯಾ ನೋಡಿ. ಒಂದೇ ಹಾಳೆಗೆ ಗ್ಲಾಸ್ ಶೇಡರ್ (ಗಾಜಿನ ಗುಣ ಕೊಡುವ ಸೆಟ್ಟಿಂಗ್) ಹಾಕಿದರೆ, ಬೆಳಕು ಗಾಜಿನೊಳಗೆ ಹೋಯಿತು, ಹೊರಗೆ ಬರಲೇ ಇಲ್ಲ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಅಂದರೆ ನಿಮ್ಮ ಇಡೀ ಅಂಗಡಿ ಒಂದು ಗಾಜಿನ ಗಟ್ಟಿಯೊಳಗಿದೆ! ಹಾಳೆಗೆ ದಪ್ಪ ಕೊಡುವ ಸಾಲಿಡಿಫೈ ಹಾಕಿ 12 ಮಿ.ಮೀ. ಕೊಡಿ. ಅದಕ್ಕೂ ಮೊದಲು ಸ್ಕೇಲ್ ಅಪ್ಲೈ ಮಾಡಿ, ಇಲ್ಲದಿದ್ದರೆ 12 ಮಿ.ಮೀ. ಅಂತ ಬರೆದದ್ದು ಇನ್ನೇನೋ ಆಗಿರುತ್ತದೆ. ಓವರ್‌ಲೇಯಲ್ಲಿ ಫೇಸ್ ಓರಿಯಂಟೇಶನ್ ಆನ್ ಮಾಡಿ. ಹೊರಗಿಂದ ನೋಡಿದಾಗ ನೀಲಿ ಇರಬೇಕು. ಕೆಂಪು ಕಂಡರೆ ನಾರ್ಮಲ್ಸ್, ಅಂದರೆ ಫೇಸ್ ಮುಖ ಮಾಡಿದ ದಿಕ್ಕು, ಉಲ್ಟಾ. ಎಡಿಟ್ ಮೋಡ್‌ನಲ್ಲಿ ಎಲ್ಲ ಸೆಲೆಕ್ಟ್ ಮಾಡಿ ಶಿಫ್ಟ್ ಎನ್ ಒತ್ತಿ.

ಅಲೆಗೆ ಕಾರಣ ಫೇಸ್‌ಗಳ ನಡುವಿನ ಅಂಚನ್ನು ನುಣುಪಾಗಿ ತೋರಿಸುವ ಶೇಡ್ ಸ್ಮೂತ್. ಚಪ್ಪಟೆ ಗಾಜಿಗೆ ಶೇಡ್ ಫ್ಲಾಟ್ ಕೊಟ್ಟರೆ ನೆಟ್ಟಗಾಗುತ್ತದೆ. ಆದರೆ ಪೂರ್ತಿ ಸಪಾಟು ಮಾಡಬೇಡಿ ಅಂತ ನನ್ನ ಸಲಹೆ. ಟಫನ್ಡ್ ಗಾಜು ಕುಲುಮೆಯಲ್ಲಿ ಉರುಳೆಗಳ ಮೇಲೆ ಹೋಗುತ್ತದೆ, ಹಾಗಾಗಿ ನಿಜವಾದ ಗಾಜಿನಲ್ಲೂ ತೀರಾ ಸಣ್ಣ ಅಲೆ ಇರುತ್ತದೆ. ದೊಡ್ಡ ಅಳತೆಯ ನಾಯ್ಸ್ ಟೆಕ್ಸ್ಚರ್ (ಅಡ್ಡಾದಿಡ್ಡಿ ವಿನ್ಯಾಸ) ಒಂದನ್ನು ಉಬ್ಬುತಗ್ಗಿನ ಭ್ರಮೆ ಕೊಡುವ ಬಂಪ್‌ಗೆ ಕಂಡೂ ಕಾಣದಷ್ಟು ಹಾಕಿ.

ಬಿಳಿ ಚುಕ್ಕೆಗೆ ಪುಟಿದು ಬರುವ ಬೆಳಕಿಗೆ ಮಿತಿ ಹಾಕುವ ಇಂಡೈರೆಕ್ಟ್ ಕ್ಲ್ಯಾಂಪ್ 10 ಇದ್ದದ್ದನ್ನು 3ರ ಹತ್ತಿರ ತನ್ನಿ, ರಿಫ್ರಾಕ್ಟಿವ್ ಕಾಸ್ಟಿಕ್ಸ್ (ಗಾಜಿನಲ್ಲಿ ಬಾಗಿ ಬೀಳುವ ಬೆಳಕಿನ ಲೆಕ್ಕ) ಆಫ್ ಮಾಡಿ. ಆಫ್ ಮಾಡಿದರೆ ಬಿಸಿಲು ಗಾಜು ದಾಟಿ ಒಳಗೆ ಬರುವುದಿಲ್ಲ, ಅಂಗಡಿ ಕತ್ತಲಾಗುತ್ತದೆ. ಅದಕ್ಕೆ ಗ್ಲಾಸ್ ಮತ್ತು ಟ್ರಾನ್ಸ್‌ಪರೆಂಟ್ ಎರಡನ್ನೂ ಮಿಕ್ಸ್ ಮಾಡಿ, ಲೈಟ್ ಪಾತ್ ನೋಡ್‌ನ ಈಸ್ ಶ್ಯಾಡೋ ರೇ ಅನ್ನು ಫ್ಯಾಕ್ಟರ್‌ಗೆ ಕೊಡಿ. ನೆರಳಿನ ಲೆಕ್ಕಕ್ಕೆ ಮಾತ್ರ ಗಾಜು ಇಲ್ಲದ ಹಾಗೆ ಆಗುತ್ತದೆ.

ಇನ್ನು ಮಾಲೀಕರ ದೂರು. ಅದು ದೋಷವೇ ಅಲ್ಲ. ಐಒಆರ್ (ವಕ್ರೀಭವನ ಸೂಚ್ಯಂಕ) 1.5 ಇರುವ ಗಾಜು ನೇರ ನೋಡಿದಾಗ ಒಂದೊಂದು ಮೈಯಿಂದ ಸುಮಾರು ಶೇ. 4 ಬೆಳಕನ್ನು ವಾಪಸ್ ಕಳಿಸುತ್ತದೆ, ಎರಡೂ ಸೇರಿ ಶೇ. 8ರ ಹತ್ತಿರ. ಓರೆಯಾಗಿ ನೋಡಿದಷ್ಟೂ ಇದು ಜಾಸ್ತಿ. ಕುಂದವಾಡ ಕೆರೆ ಹತ್ತಿರದ ಗಾಜಿನ ಮನೆಗೆ ಹೋದಾಗ ಗೋಡೆ ಪಕ್ಕದಲ್ಲೇ ನಡೆದು ನೋಡಿ. ಎದುರಿಗಿನ ಗಾಜಿನಾಚೆ ಕಾಣುತ್ತದೆ, ದೂರದ ಗಾಜಿನಲ್ಲಿ ಆಕಾಶವೇ. ದಾವಣಗೆರೆ ಬಿಸಿಲಿಗೆ ಹೋಲಿಸಿದರೆ ಅಂಗಡಿಯೊಳಗಿನ ಬೆಳಕು ಏನೇನೂ ಅಲ್ಲ, ಅದಕ್ಕೇ ಆ ಶೇ. 8 ಸಾಕು ಸೀರೆ ಮುಚ್ಚಲು. ಕ್ಯಾಮೆರಾವನ್ನು ಆದಷ್ಟು ನೇರಕ್ಕೆ ತನ್ನಿ, ಹೊತ್ತನ್ನು ಸಂಜೆಗೆ ತಳ್ಳಿ, ಒಳಗಿನ ಲೈಟ್ ಏರಿಸಿ. ಪ್ರತಿಬಿಂಬ ಪೂರ್ತಿ ತೆಗೆದುಬಿಟ್ಟರೆ ಅಲ್ಲಿ ಗಾಜು ಇದೆ ಅಂತಲೇ ಗೊತ್ತಾಗುವುದಿಲ್ಲ.

ಇನ್ನೊಬ್ಬ ಸದಸ್ಯರು: ನಾನು ಬ್ಲೆಂಡರ್‌ನ ಇನ್ನೊಂದು ರೆಂಡರ್ ಎಂಜಿನ್ ಈವೀ ಬಳಸುತ್ತೇನೆ. ಎದುರು ಕಟ್ಟಡದ ಪ್ರತಿಬಿಂಬ ಅರ್ಧಕ್ಕೇ ಕಟ್ ಆಗುತ್ತದೆ.

ಉತ್ತರ: ಈವೀ ಪರದೆಯ ಮೇಲೆ ಕಾಣುವುದನ್ನಷ್ಟೇ ಪ್ರತಿಬಿಂಬಿಸುತ್ತದೆ. ಕ್ಯಾಮೆರಾ ಹಿಂದೆ ಇರುವ ಕಟ್ಟಡ ಅದಕ್ಕೆ ಗೊತ್ತಿಲ್ಲ. ಬ್ಲೆಂಡರ್ 4.2ರಿಂದ ರೇಟ್ರೇಸಿಂಗ್ ಅನ್ನುವ ಆಯ್ಕೆ ಬಂದಿದೆ, ಹೆಸರು ನೋಡಿ ಮೋಸ ಹೋಗಬೇಡಿ, ಅದೂ ಪರದೆಯಲ್ಲೇ ಹುಡುಕುವುದು. ಸುತ್ತಲಿನ ದೃಶ್ಯ ಹಿಡಿದಿಡುವ ಲೈಟ್ ಪ್ರೋಬ್ ಇಡಿ, ಇಲ್ಲ ಸೈಕಲ್ಸ್‌ಗೆ ಬನ್ನಿ.

ಮೊದಲು ಕೇಳಿದವರು: ಮೇಡಂ, ಗಾಜು ಪೂರ್ತಿ ಕೆಂಪಿತ್ತು! ಶಿಫ್ಟ್ ಎನ್ ಒತ್ತಿ ದಪ್ಪ ಕೊಟ್ಟೆ, ಕಲೆ ಹೋಯಿತು. ಅಲೆಯೂ ಇಲ್ಲ. ಆದರೆ ಒಳಗಿನ ಕನ್ನಡಿಯಲ್ಲಿ ಕಾಣುವ ಗಾಜಿನ ಶೆಲ್ಫ್ ಇನ್ನೂ ಕಪ್ಪು. ಗಾಜಿನಲ್ಲಿ ಏನೋ ಉದ್ದುದ್ದ ಗೆರೆ ಬೇರೆ ಕಾಣುತ್ತಿದೆ.

ಉತ್ತರ: ಶೆಲ್ಫ್‌ಗೆ ಬೌನ್ಸ್ (ಬೆಳಕಿನ ಕಿರಣ ಎಷ್ಟು ಸಲ ಮೈ ತಾಗಿ ಮುಂದೆ ಹೋಗಬಹುದು ಅನ್ನುವ ಮಿತಿ) ಸಾಲುತ್ತಿಲ್ಲ. ಒಂದೊಂದು ಗಾಜು ದಾಟಲು ಎರಡು ಬೌನ್ಸ್ ಬೇಕು. ಮುಂದಿನ ಗಾಜು, ಕನ್ನಡಿ, ಶೆಲ್ಫಿನ ಒಂದೊಂದು ಹಲಗೆ ಅಂತ ಹೋಗುವಷ್ಟರಲ್ಲಿ ಡೀಫಾಲ್ಟ್ ಒಟ್ಟು 12 ಮುಗಿಯಬಹುದು, ಪ್ರತಿಫಲನದ ಗ್ಲಾಸಿ ಬೌನ್ಸ್ ಇರುವುದಂತೂ 4. ಒಟ್ಟು, ಗ್ಲಾಸಿ, ಟ್ರಾನ್ಸ್‌ಮಿಶನ್ ಮೂರನ್ನೂ 24 ಮಾಡಿ ನೋಡಿ. ಕಪ್ಪು ಹೋದರೆ ಮತ್ತೆ ಮೆಲ್ಲಗೆ ಇಳಿಸಿ.

ಗೆರೆ ನೋಡಿದೆ. ಅದು ನೀವು ಸುತ್ತ ಹಾಕಿರುವ ಎಚ್‌ಡಿಆರ್‌ಐ ಪರಿಸರದ ಫೋಟೊದಲ್ಲಿರುವ ಪೈನ್ ಮರಗಳು. ಪಿ.ಬಿ. ರಸ್ತೆಯಲ್ಲಿ ಪೈನ್ ಕಾಡು ಎಲ್ಲಿಂದ ಬಂತು ಮಾರಾಯ್ರೆ? ಅಂಗಡಿ ಮುಂದೆ ನಿಂತು ರಸ್ತೆಯಾಚೆಯ ಫೋಟೊ ತೆಗೆಯಿರಿ. ಬೋರ್ಡು, ವೈರು, ನಿಂತಿರುವ ಬೈಕು ಎಲ್ಲ ಇರಲಿ. ಆ ಫೋಟೊವನ್ನು ಒಂದು ಪ್ಲೇನ್‌ಗೆ ಅಂಟಿಸಿ ಕ್ಯಾಮೆರಾ ಹಿಂದೆ ನಿಲ್ಲಿಸಿ. ಆ ಪ್ಲೇನ್‌ನ ರೇ ವಿಸಿಬಿಲಿಟಿಯಲ್ಲಿ (ಯಾವ ಕಿರಣಕ್ಕೆ ಕಾಣಬೇಕು ಅನ್ನುವ ಆಯ್ಕೆ) ಕ್ಯಾಮೆರಾ, ಶ್ಯಾಡೋ ಆಫ್, ಗ್ಲಾಸಿ ಆನ್.

ಮೊದಲು ಕೇಳಿದವರು: ಹಾಕಿದೆ ಮೇಡಂ, ನಮ್ಮೂರಿನ ಹಾಗೇ ಕಾಣುತ್ತಿದೆ. ಎದುರು ಅಂಗಡಿ ಬೋರ್ಡಿನ ಅಕ್ಷರ ಉಲ್ಟಾ ಬಂದಿದೆ, ತಿರುಗಿಸಲಾ?

ಉತ್ತರ: ಬೇಡ. ಗಾಜಿನಲ್ಲಿ ಉಲ್ಟಾನೇ ಬರಬೇಕು. ಓದಲು ಬಂದಿದ್ದರೆ ಫೋಟೊ ತಿರುಗಿಸಿ ಅಂಟಿಸಿದ್ದೀರಿ ಅಂತ ಅರ್ಥ.