ಅಪ್‌ಡೇಟ್: ಸಾಕುನಾಯಿಯ ನಿಷ್ಠೆಯಿಂದ ‘ದೇವರು ಕೊಟ್ಟ ಉದ್ದೇಶ’ ಕಲಿಸುವ ಪಾಠ ಹೇಗಾಯ್ತು

ನಮ್ಮ ಚರ್ಚ್ ಸಭೆಯ ಯುವಕರಿಗೆ ನಾಯಿಯ ನಿಷ್ಠೆ ಇಟ್ಟುಕೊಂಡು ‘ದೇವರು ನನ್ನನ್ನು ಯಾಕೆ ಇಟ್ಟಿದ್ದಾನೆ’ ಅನ್ನೋದನ್ನ ಹೇಗೆ ಕಲಿಸೋದು ಅಂತ ಇಲ್ಲಿ ಸಲಹೆ ಕೇಳಿದ್ದೆ. ಪಾಠ ಮುಗೀತು.

ಕೆಲಸ ಮಾಡಿದ್ದು ಬೈಬಲಿನ ಕೀರ್ತನೆ 123:2 ಬಳಸಿ ಅನ್ನೋ ಸಲಹೆ. ದಾಸರ ಕಣ್ಣು ಯಜಮಾನನ ಕೈಮೇಲೆ ಇರುವ ವಚನ. ಬಿಸ್ಕತ್ತು ಹಿಡಿದ ಕೈಯನ್ನ ನಾಯಿ ರೆಪ್ಪೆ ಬಡಿಯದೆ ನೋಡೋದು ಎಲ್ಲರಿಗೂ ಗೊತ್ತಲ್ಲ, ವಿವರಣೆಯೇ ಬೇಕಾಗಲಿಲ್ಲ. ರೋಮಾ 12ರಲ್ಲಿ ಹೇಳಿದ ವರಗಳಲ್ಲಿ (ಸೇವೆ, ಬೋಧನೆಯಂಥ ದೇವರು ಕೊಟ್ಟ ಸಾಮರ್ಥ್ಯಗಳು) ತಮ್ಮದು ಯಾವುದು ಅಂತ ಅಂಕ ಹಾಕಿ ನೋಡುವ ಪ್ರಶ್ನಾವಳಿ ಮಾತ್ರ ಕೈಕೊಟ್ಟಿತು. ಅಂಕ ಹೋಲಿಸೋದರಲ್ಲೇ ಹೊತ್ತು ಹೋಯ್ತು. ಬೈಬಲಿನಲ್ಲಿ ನಾಯಿಯ ಹೊಗಳಿಕೆ ಹುಡುಕಬೇಡಿ, ಹೆಚ್ಚಿನ ಕಡೆ ಅದು ಬೈಗುಳವೇ.

‘ನಾಯಿಯ ನಿಷ್ಠೆ ಊಟಕ್ಕಾಗಿ ತಾನೇ?’ ಅನ್ನೋ ಪ್ರಶ್ನೆ ಖಂಡಿತ ಬರುತ್ತೆ. ಆಗ ಯೆಶಾಯ 1:3 ತೆಗೆಯಿರಿ: ಎತ್ತು ಒಡೆಯನನ್ನ, ಕತ್ತೆ ತನ್ನ ಯಜಮಾನನ ಗೋದಲಿಯನ್ನ (ಮೇವಿನ ತೊಟ್ಟಿ) ಬಲ್ಲದು, ಜನರಿಗೆ ಮಾತ್ರ ತಿಳಿಯದು. ಅನ್ನ ಕೊಡುವವನನ್ನ ಗುರುತಿಸೋದೇ ಅಲ್ಲಿ ದೊಡ್ಡ ವಿಷಯ.

ಗೊತ್ತಿಲ್ಲದೆ ಸಿಕ್ಕಿದ್ದು: ನಾಯಿ ಮಾಂಸದ ತುಂಡನ್ನ ನೋಡುವ ಹಾಗೆ ತನಗೂ ಪ್ರಾರ್ಥಿಸಲು ಬಂದಿದ್ದರೆ ಅಂತ 16ನೇ ಶತಮಾನದ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಊಟದ ಮೇಜಿನಲ್ಲಿ ಹೇಳಿದ್ದರಂತೆ!

ದೇವರು ಮೊದಲೇ ಸಿದ್ಧಮಾಡಿದ ಸತ್ಕ್ರಿಯೆಗಳಿಗಾಗಿ ನಾವು ಸೃಷ್ಟಿಯಾದೆವು ಅನ್ನೋ ಎಫೆಸ 2:10 ಕೊನೆಗಿಡಿ. ಮೊದಲೇ ಓದಿದರೆ ‘ಸತ್ಕ್ರಿಯೆ’ ಅಂದ ಕೂಡಲೇ ದೊಡ್ಡ ಸೇವೆಗಳ ಪಟ್ಟಿ ಶುರುವಾಗುತ್ತೆ. ಓದಿದ ಮೇಲೆ ಈ ವಾರ ಮನೆಯಲ್ಲೇ ಮಾಡಬಹುದಾದ ಒಂದೇ ಕೆಲಸ ಬರೆಸಿ.